ಮೊಹಾವಿಗಾಗಿ ಕಟ್ಟಿದ ಕ್ವಾಡ್: ಒಂದು ಫ್ರೇಮ್, ಎರಡು ಜೋಡಿ ತೋಳು

ಹೋಂಡಾ ಕಂಪನಿ ಟಿಆರ್‌ಎಕ್ಸ್ 250ಆರ್ ಕ್ವಾಡನ್ನು, ಅಂದರೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಮರಳುಗಾಡಿಯನ್ನು, ತಯಾರಿಸಿದ್ದು ನಾಲ್ಕೇ ವರ್ಷ, 1986ರಿಂದ 1989ರವರೆಗೆ. ನೀರಿನಿಂದ ತಂಪಾಗುವ ಎರಡು ಸ್ಟ್ರೋಕಿನ ಎಂಜಿನ್, ಆರು ಗೇರು, ನಾಲ್ಕು ದಪ್ಪ ಟೈರು. ಆದರೆ ಕ್ಯಾಲಿಫೋರ್ನಿಯಾ, ಅರಿಝೋನಾ ಮತ್ತು ಮೆಕ್ಸಿಕೋದ ಬಾಹಾ ಮರುಭೂಮಿಗಳಲ್ಲಿ ಅದು ರೇಸ್‌ಗಳಲ್ಲಿ ಓಡಿದ್ದು ಅದರ ನಂತರದ ಹದಿನೈದು ವರ್ಷಗಳ ಉದ್ದಕ್ಕೂ. ಕಾರ್ಖಾನೆ ಕೈಬಿಟ್ಟ ಗಾಡಿಯನ್ನು ಅಷ್ಟು ಕಾಲ ಮುಂಚೂಣಿಯಲ್ಲಿ ಉಳಿಸಿದವರು ಸಣ್ಣ ಸಣ್ಣ ಗ್ಯಾರೇಜುಗಳಲ್ಲಿ ಕೊಳವೆ ಕತ್ತರಿಸಿ ಬೆಸೆದ ಕುಶಲಿಗಳು. ಅಂಥ ಒಂದು ಕ್ವಾಡಿಗೆ ಹೊಸ ಫ್ರೇಮನ್ನೂ ಹೊಸ ಮುಂಭಾಗದ ಸಸ್ಪೆನ್ಷನ್ನನ್ನೂ ಕಟ್ಟಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕುಶಲಿಗಳು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು ಎಂಬುದು ನನಗೆ ತಿಳಿದದ್ದು ಈ ಕೆಲಸಕ್ಕೆ ಕೈ ಹಾಕಿದ ಮೇಲೆ.

ಕಾರ್ಖಾನೆಗಳು ಕೈಬಿಟ್ಟದ್ದೇಕೆ ಎಂಬುದನ್ನು ಮೊದಲು ಹೇಳಬೇಕು. 1980ರ ದಶಕದಲ್ಲಿ ಮೂರು ಚಕ್ರದ ಮರಳುಗಾಡಿಗಳು ಅಮೆರಿಕದಲ್ಲಿ ಬಹಳ ಮಾರಾಟವಾದವು, ಅಪಘಾತಗಳೂ ಅಷ್ಟೇ ಹೆಚ್ಚಿದವು. ಅಲ್ಲಿನ ಸರ್ಕಾರವೂ ತಯಾರಕರೂ 1988ರಲ್ಲಿ ನ್ಯಾಯಾಲಯದ ಮೂಲಕ ಒಂದು ಒಪ್ಪಂದಕ್ಕೆ ಬಂದು ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಆ ಬಿಸಿ ನಾಲ್ಕು ಚಕ್ರದ ವೇಗದ ಗಾಡಿಗಳಿಗೂ ತಟ್ಟಿತು. ಕವಾಸಾಕಿಯ ಟೆಕಾಟೆ-4 ಎರಡೇ ವರ್ಷಕ್ಕೆ, 1988ರಲ್ಲಿ ಕೊನೆಗೊಂಡಿತು. ಹೋಂಡಾ 250ಆರ್ 1989ಕ್ಕೆ ನಿಂತಿತು. ಸುಝುಕಿಯ ಎಲ್‌ಟಿ 500ಆರ್ 1990ಕ್ಕೆ, ಎಲ್‌ಟಿ 250ಆರ್ 1992ಕ್ಕೆ ಮುಗಿದವು. ಯಮಾಹಾ ಬಾನ್‌ಶೀ ಮಾತ್ರ ಅಮೆರಿಕದ ಮಾರುಕಟ್ಟೆಯಲ್ಲಿ 2006ರವರೆಗೆ ಉಸಿರು ಹಿಡಿದುಕೊಂಡಿತು. ನೇರವಾಗಿ ರೇಸಿಗೆಂದೇ ಕಾರ್ಖಾನೆಯಿಂದ ಹೊಸ ತಲೆಮಾರಿನ ಕ್ವಾಡುಗಳು ಬಂದದ್ದು 2004ರ ಹೊತ್ತಿಗೆ, ಯಮಾಹಾ ವೈಎಫ್‌ಝಡ್ 450 ಮತ್ತು ಹೋಂಡಾ ಟಿಆರ್‌ಎಕ್ಸ್ 450ಆರ್ ಜೊತೆಗೆ. ನಡುವಿನ ವರ್ಷಗಳಲ್ಲಿ ರೇಸಿನವರು ಹಳೆಯ ಎಂಜಿನ್ನನ್ನು ಇಟ್ಟುಕೊಂಡು ಅದರ ಸುತ್ತಲಿನದ್ದನ್ನೆಲ್ಲ ಹೊಸದಾಗಿ ಮಾಡಿಸಿಕೊಂಡರು. ಲೇಗರ್ಸ್, ರೋಲ್ ಡಿಸೈನ್, ಲೋನ್‌ಸ್ಟಾರ್ ಎಂಬ ಫ್ರೇಮು, ಬಿಡಿಭಾಗಗಳ ಕಂಪನಿಗಳು ಬೆಳೆದದ್ದು ಹೀಗೆ. ಆದ್ದರಿಂದ ಆ ಕಾಲದ ಮರುಭೂಮಿ ರೇಸ್ ಕ್ವಾಡ್ ಒಂದನ್ನು ಇಂದು ನೋಡಿದರೆ ಅದರಲ್ಲಿ ಹೋಂಡಾದ ಮೂಲ ಭಾಗಗಳು ಎಂಜಿನ್ ಕೇಸು, ಹಬ್ಬು ಮತ್ತು ಇನ್ನು ಕೆಲವು ಚೂರುಪಾರು ಮಾತ್ರ ಇರಬಹುದು.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಜಿಗ್ ಮತ್ತು ಫಿಕ್ಸ್‌ಚರ್ ಮಾಡುವುದನ್ನು, ಅಂದರೆ ಕೆಲಸದ ವೇಳೆ ಭಾಗಗಳನ್ನು ನಿಖರ ಜಾಗದಲ್ಲಿ ಹಿಡಿದಿಡುವ ಚೌಕಟ್ಟುಗಳನ್ನು ಕಟ್ಟುವುದನ್ನು, ಕಲಿತವನು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿಯಲ್ಲಿ ಅದೇ ಕಸುಬು. ಮನೆಯಿಂದ ಉತ್ತರಕ್ಕೆ ಕಹೋನ್ ಕಣಿವೆ ಹತ್ತಿ ಇಳಿದರೆ ಮೊಹಾವಿ ಮರುಭೂಮಿ. ಅಲ್ಲಿ ವಾರಾಂತ್ಯಗಳಲ್ಲಿ ಈ ಹಳೆಯ ಕ್ವಾಡುಗಳು ಓಡುವುದನ್ನು ನೋಡಿ ಆಸೆ ಹುಟ್ಟಿತ್ತು. ವಿಕ್ಟರ್‌ವಿಲ್ ಬಳಿ ಒಬ್ಬರು ಗ್ಯಾರೇಜು ಖಾಲಿ ಮಾಡುತ್ತಿದ್ದಾಗ 250ಆರ್ ಒಂದು ಸಿಕ್ಕಿತು. ಎಂಜಿನ್ ಚೆನ್ನಾಗಿತ್ತು, ಕಾಗದಪತ್ರ ಸರಿಯಿತ್ತು. ಫ್ರೇಮಿಗೆ ದಪ್ಪನೆಯ ಕಪ್ಪು ಪೌಡರ್ ಕೋಟಿಂಗ್, ಮುಂದೆ ಯಾರೋ ಹಾಕಿಸಿದ್ದ ಅಗಲದ ಎ-ಆರ್ಮ್‌ಗಳು. ಎ-ಆರ್ಮ್ ಎಂದರೆ ಫ್ರೇಮಿನಿಂದ ಚಕ್ರದವರೆಗೆ ಚಾಚಿರುವ ತ್ರಿಕೋನಾಕಾರದ ತೋಳು. ಒಂದೊಂದು ಕಡೆ ಮೇಲೊಂದು, ಕೆಳಗೊಂದು. ಕಡೆಗೆ ಎರಡು ಇಂಚು ಅಗಲ, ಒಂದು ಇಂಚು ಮುಂದೆ ಎಂಬ ಅಳತೆಯ ತೋಳುಗಳು ಆಗಲೂ ಈಗಲೂ ಎಲ್ಲರಿಗೂ ಇಷ್ಟ. ಅಗಲದಿಂದ ಗಾಡಿ ಮಗುಚುವ ಭಯ ಕಡಿಮೆಯಾಗುತ್ತದೆ, ಚಕ್ರ ಮುಂದಕ್ಕೆ ಹೋದದ್ದರಿಂದ ವೇಗದಲ್ಲಿ ನೆಟ್ಟಗೆ ನಿಲ್ಲುತ್ತದೆ.

ಗಾಡಿಯನ್ನು ಪೂರ್ತಿ ಬಿಚ್ಚಿ, ಬಣ್ಣ ಕೆರೆದು, ಕೀಲುಗಳಿಗೆಲ್ಲ ಕೆಂಪು ಡೈ ಹಚ್ಚಿ ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದೆ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಣ್ಣ ಹೊರಗೆ ಒಸರಿ ಗೆರೆಯಾಗಿ ಕಾಣುತ್ತದೆ. ಕೆಳಗಿನ ತೋಳಿನ ಹಿಂದಿನ ಲಗ್ಗುಗಳ (ತೋಳನ್ನು ಬೋಲ್ಟಿನಿಂದ ಹಿಡಿಯಲು ಫ್ರೇಮಿಗೆ ಬೆಸೆದ ತೂತಿನ ಕಿವಿಗಳು) ಬುಡದಲ್ಲಿ ಎರಡೂ ಕಡೆ ಗೆರೆ ಬಂತು. ಶಾಕಿನ, ಅಂದರೆ ಸ್ಪ್ರಿಂಗ್ ಮತ್ತು ಎಣ್ಣೆಯಿಂದ ಏಟನ್ನು ಹೀರುವ ಭಾಗದ, ಮೇಲ್ತುದಿ ಕೂರುವ ಅಡ್ಡಕೊಳವೆಯಲ್ಲೂ ಬಂತು. ಸ್ಟಿಯರಿಂಗ್ ಕಂಬದ ಕೆಳಬೇರಿಂಗ್ ಹತ್ತಿರ ಹಿಂದಿನವರು ಹಾಕಿಸಿದ್ದ ಒಂದು ತೇಪೆಯಿತ್ತು, ಆ ತೇಪೆ ಮುಗಿಯುವ ಜಾಗದಲ್ಲೇ ಹೊಸ ಬಿರುಕು. ದಪ್ಪ ಬಣ್ಣ ಇದೆಲ್ಲವನ್ನೂ ಮುಚ್ಚಿಟ್ಟಿತ್ತು. ಮರುಭೂಮಿಯಲ್ಲಿ ಓಡುವ ಫ್ರೇಮಿಗೆ ತೆಳುವಾದ ತಿಳಿಬಣ್ಣ ಹೊಡೆಯಬೇಕು ಎಂದು ಹಳಬರು ಹೇಳುವುದು ಬಿರುಕು ಕಣ್ಣಿಗೆ ಬೀಳಲಿ ಎಂದು.

ಬಿರುಕು ಬಿಡಲು ಕಾರಣವೂ ಸ್ಪಷ್ಟ. ತೋಳು ಉದ್ದವಾದಷ್ಟೂ ಚಕ್ರಕ್ಕೆ ಬಿದ್ದ ಏಟು ಹೆಚ್ಚು ಸನ್ನೆಬಲದಿಂದ ಲಗ್ಗುಗಳನ್ನು ತಿರುಚುತ್ತದೆ. ಕಾರ್ಖಾನೆಯ ಫ್ರೇಮನ್ನು ಕಾರ್ಖಾನೆಯ ತೋಳಿಗೆಂದು ಲೆಕ್ಕ ಹಾಕಿದ್ದರು. ತೋಳು ಬದಲಾಯಿಸಿ ಫ್ರೇಮನ್ನು ಹಾಗೆಯೇ ಬಿಟ್ಟರೆ ಮರಳಿನ ದಿಬ್ಬದಲ್ಲಿ ಮೋಜಿಗೆ ಓಡಿಸುವವರಿಗೆ ನಡೆದೀತು. ಗಂಟೆಗಟ್ಟಲೆ ವೂಪ್ಸ್ ಮೇಲೆ ಓಡಿಸುವವರಿಗೆ ನಡೆಯುವುದಿಲ್ಲ. ವೂಪ್ಸ್ ಎಂದರೆ ಚಕ್ರಗಳು ಹಾದು ಹಾದು ದಾರಿಯಲ್ಲಿ ಒಂದರ ಹಿಂದೊಂದು ಏಳುವ ಮರಳುಗುಡ್ಡೆಗಳು. ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೂ ಇರುತ್ತವೆ, ಮೈಲಿಗಟ್ಟಲೆ ಬಿಡುವಿಲ್ಲದೆ ಬರುತ್ತವೆ. ಮರುಭೂಮಿ ಕ್ವಾಡಿನ ಮುಂಭಾಗವನ್ನು ಕಟ್ಟುವುದೇ ಇವುಗಳನ್ನು ಎದುರಿಸಲು.

ಹಳೆಯ ಫ್ರೇಮಿಗೆ ಇನ್ನಷ್ಟು ತೇಪೆ ಹಾಕುವುದೋ, ಹೊಸದನ್ನು ಕಟ್ಟುವುದೋ ಎಂದು ತೀರ್ಮಾನಿಸುವ ಮೊದಲು ಇದ್ದ ಜ್ಯಾಮಿತಿಯನ್ನು ಅಳೆದೆ. ಶಾಕುಗಳನ್ನು ಕಳಚಿ, ಗಾಡಿಯನ್ನು ಉಕ್ಕಿನ ಮೇಜಿಗೆ ಬಿಗಿದು, ಹ್ಯಾಂಡಲನ್ನು ನೇರವಾಗಿ ಲಾಕ್ ಮಾಡಿ, ಹಬ್ಬಿಗೆ ಚಪ್ಪಟೆ ತಟ್ಟೆಯೊಂದನ್ನು ಕಟ್ಟಿದೆ. ಚಕ್ರದ ತುದಿಯನ್ನು ಜಾಕಿನಿಂದ 25 ಮಿಲಿಮೀಟರಿನಷ್ಟು ಎತ್ತುತ್ತಾ ಹೋಗಿ, ಪ್ರತಿ ಹಂತದಲ್ಲೂ ತಟ್ಟೆಯ ಮುಂದಂಚು ಮತ್ತು ಹಿಂದಂಚು ಎಷ್ಟು ಸರಿದವು ಎಂದು ಡಯಲ್ ಗೇಜಿನಲ್ಲಿ ಓದಬೇಕು. ಓದಿದ್ದನ್ನು ಬರೆದುಕೊಳ್ಳಲು ಲಾಸ್ ಏಂಜಲಿಸ್‌ನಿಂದ ನನ್ನ ಅಕ್ಕನ ಗಂಡ ಬಂದಿದ್ದರು. ಅವರು ಸಿವಿಲ್ ಎಂಜಿನಿಯರು, ಕ್ವಾಡುಗಳ ಬಗ್ಗೆ ಆಸಕ್ತಿಯಿಲ್ಲ, ಆದರೆ ಅಳತೆಯೆಂದರೆ ಬಿಡುವವರಲ್ಲ.

ಕಾಗದದ ಮೇಲೆ ಚುಕ್ಕಿಗಳನ್ನು ಜೋಡಿಸಿ ನೋಡಿದ ಅವರು, "ಇದು ಸುಮ್ಮನೆ ಮೇಲೆ ಕೆಳಗೆ ಹೋಗುತ್ತಿಲ್ಲವಲ್ಲೋ, ಏರುವಾಗ ತಾನಾಗಿಯೇ ತಿರುಗುತ್ತಿದೆ" ಎಂದರು.

"ಅದೇ ಭಾವ, ಬಂಪ್ ಸ್ಟಿಯರ್ ಅನ್ನುತ್ತಾರೆ. ಹ್ಯಾಂಡಲ್ ಅಲುಗಾಡದಿದ್ದರೂ ಗುಡ್ಡೆ ಸಿಕ್ಕಾಗ ಚಕ್ರ ತಾನೇ ದಿಕ್ಕು ಬದಲಿಸುತ್ತದೆ."

"ಎಡಚಕ್ರಕ್ಕೆ ಒಂದು ಗುಡ್ಡೆ, ಬಲಚಕ್ರಕ್ಕೆ ಇನ್ನೊಂದು ಸಿಕ್ಕರೆ?"

ಆ ಪ್ರಶ್ನೆಯೇ ಇಡೀ ಕೆಲಸದ ತಿರುಳು. ಎರಡು ಚಕ್ರಗಳು ಎರಡು ದಿಕ್ಕಿಗೆ ಎಳೆದಾಗ ಸವಾರನ ಮುಂಗೈಗಳು ಗಾಡಿಯೊಡನೆ ಜಗಳಕ್ಕೆ ಬೀಳುತ್ತವೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಆ ಜಗಳ ಬೇಡ. ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ಏಟಿನ ತೀಕ್ಷ್ಣತೆ ತಗ್ಗುತ್ತದೆ, ಕಾರಣ ಹೋಗುವುದಿಲ್ಲ. ಕಾರಣ ಇರುವುದು ಕೀಲುಬಿಂದುಗಳ ಜಾಗದಲ್ಲಿ. ಗಾಡಿಯನ್ನು ಎದುರಿನಿಂದ ನೋಡಿದಾಗ ಮೇಲಿನ ತೋಳಿನ ಗೆರೆಯನ್ನೂ ಕೆಳಗಿನ ತೋಳಿನ ಗೆರೆಯನ್ನೂ ಒಳಕ್ಕೆ ಬೆಳೆಸಿದರೆ ಅವು ಎಲ್ಲೋ ಒಂದು ಕಡೆ ಕೂಡುತ್ತವೆ. ಹ್ಯಾಂಡಲಿನ ಕಂಬದಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಗೆರೆಯೂ ಅದೇ ಬಿಂದುವಿಗೆ ಹೋಗಬೇಕು. ಟೈ ರಾಡಿನ ಉದ್ದವೂ ತೋಳುಗಳ ಉದ್ದಕ್ಕೆ ಹೊಂದಬೇಕು, ಅಂದರೆ ಅದರ ಒಳತುದಿ ಎರಡು ತೋಳುಗಳ ಒಳಕೀಲುಗಳನ್ನು ಸೇರಿಸುವ ಗೆರೆಯ ಸಮೀಪ ಇರಬೇಕು. ಹೀಗಿದ್ದರೆ ಮೂರೂ ಒಂದೇ ಬಗೆಯ ಕಮಾನಿನಲ್ಲಿ ಚಲಿಸುತ್ತವೆ, ಚಕ್ರ ತಿರುಗುವುದಿಲ್ಲ. ನನ್ನ ಗಾಡಿಯಲ್ಲಿ ತೋಳುಗಳು ಒಂದು ಇಂಚು ಮುಂದಕ್ಕೆ ಹೋಗಿದ್ದವು, ಸ್ಟಿಯರಿಂಗ್ ಕಂಬ ಮಾತ್ರ ಇದ್ದಲ್ಲಿಯೇ ಇತ್ತು. ಅದರಿಂದ ಟೈ ರಾಡುಗಳು ಮೇಲಿನಿಂದ ನೋಡಿದರೆ ಓರೆಯಾಗಿ ಮುಂದಕ್ಕೆ ಚಾಚಿದ್ದವು. ಗಾಡಿಯನ್ನು ಎತ್ತರಿಸಿದ್ದರಿಂದ ಕೋನ ಇನ್ನೂ ಕೆಟ್ಟಿತ್ತು.

ತೇಪೆಯಿಂದ ಇದು ಸರಿಯಾಗುವುದಿಲ್ಲ ಎಂಬುದು ಆ ಕಾಗದ ನೋಡಿದಾಗಲೇ ಖಚಿತವಾಯಿತು. ಒಳ್ಳೆಯ ಶಾಕು ಕೊಂಡರೆ ಮುಂಭಾಗ ಸುಧಾರಿಸುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಶಾಕು ಮುಖ್ಯವೇ. ಆದರೆ ಶಾಕಿಗೆ ಯಾವ ಕೆಲಸ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಫ್ರೇಮಿನ ಮೇಲೆ ತೋಳು ಕೂರುವ ಆ ಬಿಂದುಗಳು. ಅವು ಸರಿಯಿಲ್ಲದ ಫ್ರೇಮಿಗೆ ಎಷ್ಟು ದುಬಾರಿ ಶಾಕು ಹಾಕಿದರೂ ದುಡ್ಡು ಮರಳಿಗೆ ಸುರಿದಂತೆ.

ಹೆಸ್ಪೀರಿಯಾದಲ್ಲಿ ಒಬ್ಬ ಹಿರಿಯ ವೆಲ್ಡರ್ ಇದ್ದಾರೆ. ತೊಂಬತ್ತರ ದಶಕದಲ್ಲಿ ಕ್ವಾಡ್ ಫ್ರೇಮುಗಳನ್ನು ಬೆಸೆಯುವುದೇ ಅವರ ಜೀವನೋಪಾಯವಾಗಿತ್ತು. ನಿವೃತ್ತರಾದ ಮೇಲೂ ಮನೆಯ ಹಿಂದಿನ ಶೆಡ್ಡಿನಲ್ಲಿ ಟಿಗ್ ಬೆಸುಗೆ ಯಂತ್ರ ಇಟ್ಟುಕೊಂಡಿದ್ದಾರೆ. ನನ್ನ ಚಿತ್ರಗಳನ್ನು ತೋರಿಸಿದಾಗ ಅವರು ಮೊದಲು ಬೆರಳಿಟ್ಟದ್ದು ಪಕ್ಕದಿಂದ ನೋಡಿದ ಚಿತ್ರದ ಮೇಲೆ. ತೋಳು ತಿರುಗುವ ಅಕ್ಷವನ್ನು ನಾನು ನೆಲಕ್ಕೆ ಸಮಾನಾಂತರವಾಗಿ ಬಿಡಿಸಿದ್ದೆ. ಅದರ ಮುಂದಿನ ತುದಿಯನ್ನು ಕೆಲವು ಡಿಗ್ರಿ ಎತ್ತಬೇಕು ಎಂದರು. ಹಾಗೆ ಎತ್ತಿದರೆ ಚಕ್ರ ಗುಡ್ಡೆಗೆ ಬಡಿದಾಗ ನೇರವಾಗಿ ಮೇಲೇರುವ ಬದಲು ಸ್ವಲ್ಪ ಹಿಂದಕ್ಕೆ ಸರಿಯುತ್ತಾ ಮೇಲೇರುತ್ತದೆ. ಏಟು ಬರುವುದು ಮುಂದಿನಿಂದ ತಾನೇ? ಅದು ತಳ್ಳುವ ದಿಕ್ಕಿಗೇ ಚಕ್ರ ಸರಿದುಕೊಟ್ಟರೆ ಹ್ಯಾಂಡಲಿಗೆ ತಲುಪುವ ಪೆಟ್ಟು ಬಹಳ ಕಡಿಮೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ರಟ್ಟು ಕತ್ತರಿಸಿ ಗುಂಡುಸೂಜಿ ಚುಚ್ಚಿ, ಅದನ್ನು ಅಲುಗಾಡಿಸಿ ನೋಡುತ್ತಾ ಇದನ್ನೆಲ್ಲ ಕಂಡುಕೊಂಡಿದ್ದರಂತೆ. ಈ ಒಂದು ಕೋನವನ್ನು ಯಾವ ತೋಳೂ ಯಾವ ಶಾಕೂ ಕೊಡಲಾರದು, ಫ್ರೇಮು ಮಾತ್ರ ಕೊಡಬಲ್ಲದು. ಹೊಸ ಫ್ರೇಮೇ ಆಗಲಿ ಎಂದು ಅಲ್ಲಿಯೇ ಒಪ್ಪಿಕೊಂಡೆವು.

ಫ್ರೇಮಿಗೆ 4130 ಕ್ರೋಮೋಲಿ ಕೊಳವೆ ತರಿಸಿದೆ. ಸುಮಾರು ಶೇಕಡಾ 0.3 ಇಂಗಾಲ, ಶೇಕಡಾ ಒಂದರ ಆಸುಪಾಸು ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ ಇರುವ ಈ ಉಕ್ಕು ಸಾದಾ ಉಕ್ಕಿಗಿಂತ ಬಹಳ ಗಟ್ಟಿ, ಆದ್ದರಿಂದ ತೆಳು ಗೋಡೆಯ ಕೊಳವೆ ಸಾಕಾಗುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಕ್ರೋಮೋಲಿ ಹೆಚ್ಚು ಬಿಗುವಾಗಿರುತ್ತದೆ, ಬಾಗುವುದೇ ಇಲ್ಲ ಎಂದು. ಬಾಗುವ ಗುಣದಲ್ಲಿ ಎಲ್ಲ ಉಕ್ಕೂ ಹೆಚ್ಚುಕಡಿಮೆ ಒಂದೇ. ಕ್ರೋಮೋಲಿ ಬಾಗಿದ ಮೇಲೆ ಶಾಶ್ವತವಾಗಿ ಸೊಟ್ಟಗಾಗುವ ಮುನ್ನ ಹೆಚ್ಚು ಭಾರ ತಾಳುತ್ತದೆ, ಅಷ್ಟೇ. ಬಿಗುವು ಬೇಕಿದ್ದರೆ ಕೊಳವೆಯ ವ್ಯಾಸ ಹೆಚ್ಚಿಸಬೇಕು, ತ್ರಿಕೋನಗಳನ್ನು ಕಟ್ಟಬೇಕು. ಮುಖ್ಯ ಕೊಳವೆಗಳಿಗೆ ಒಂದೂಕಾಲು ಇಂಚು ಹೊರವ್ಯಾಸ, ಮಿಕ್ಕವಕ್ಕೆ ಒಂದು ಇಂಚು ಮತ್ತು ಅದಕ್ಕಿಂತ ಸಣ್ಣವು. ಗೋಡೆ ಹೆಚ್ಚಿನ ಕಡೆ 1.65 ಮಿಲಿಮೀಟರ್, ಕೆಳತೋಳು ಕೂರುವ ಕೊಳವೆಗಳಿಗೆ 2.1.

ಜಿಗ್ ನನ್ನ ಕ್ಷೇತ್ರ, ಅಲ್ಲಿ ನಾನು ಯಾವ ಅವಸರಕ್ಕೂ ಒಪ್ಪಲಿಲ್ಲ. ಮೂರು ಬಿಂದು ಒಂದು ಸಮತಲವನ್ನು ಹಿಡಿಯುತ್ತವೆ, ಎರಡು ಬಿಂದು ದಿಕ್ಕನ್ನು, ಒಂದು ಬಿಂದು ಕೊನೆಯ ಜಾರಾಟವನ್ನು ತಡೆಯುತ್ತದೆ. ಪೀಣ್ಯದಲ್ಲಿ ಮೊದಲ ವಾರ ಕಲಿಸಿದ ಪಾಠ ಇದು. ಎಂಜಿನ್ ಮತ್ತು ಹಿಂದಿನ ಚಕ್ರಗಳನ್ನು ಹಿಡಿಯುವ ಸ್ವಿಂಗ್ ಆರ್ಮ್ ಹಳೆಯವೇ ಆದ್ದರಿಂದ ಸ್ವಿಂಗ್ ಆರ್ಮಿನ ಕೀಲನ್ನೂ ಎಂಜಿನ್ ಬೋಲ್ಟುಗಳನ್ನೂ ಆಧಾರಬಿಂದುಗಳಾಗಿ ಹಳೆಯ ಫ್ರೇಮಿನಿಂದ ಎತ್ತಿಕೊಂಡೆ. ಹಳೆಯ ಫ್ರೇಮ್ ಸೊಟ್ಟಗಾಗಿಲ್ಲ ಎಂದು ಕರ್ಣಗಳನ್ನು ಅಳೆದು ನೋಡಿದ ಮೇಲೆಯೇ ಅವನ್ನು ನಂಬಿದ್ದು. ಮುಂದಿನ ಭಾಗಕ್ಕೆ ಎಲ್ಲವೂ ಹೊಸ ಬಿಂದುಗಳು. ಪ್ರತಿ ತೋಳಿನ ಮುಂದಿನ ಮತ್ತು ಹಿಂದಿನ ಲಗ್ಗುಗಳ ಮೂಲಕ ರುಬ್ಬಿ ನಯಗೊಳಿಸಿದ ಒಂದೇ ಉದ್ದನೆಯ ಸರಳು ತೂರಿಸಿದೆ. ಆ ಸರಳು ಬೆಸುಗೆ ಮುಗಿಯುವವರೆಗೂ ಅಲ್ಲೇ ಇರಬೇಕು, ಕೊನೆಯಲ್ಲಿ ಕೈಯಿಂದಲೇ ಹೊರಗೆ ಜಾರಬೇಕು. ಸುತ್ತಿಗೆ ಬೇಕಾಯಿತೆಂದರೆ ಲಗ್ಗುಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ, ಮುಂದೆ ಬುಷ್‌ಗಳು ಸವೆಯುತ್ತವೆ ಎಂದೂ ಅರ್ಥ.

ಕೊಳವೆಯ ತುದಿಗಳನ್ನು ಮೀನಿನ ಬಾಯಂತೆ ಕೊರೆದು ಒಂದಕ್ಕೊಂದು ಕೂರಿಸುವುದು ಬೇಸರ ತರಿಸುವ ಕೆಲಸ ಎಂದು ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ಬಹಳ ಖುಷಿ. ಬೆಳಕು ನುಸುಳದ ಹಾಗೆ ಕೂತರೆ ಮಾತ್ರ ಬೆಸುಗೆ ಒಂದೇ ಸಮ ಬರುತ್ತದೆ. ಸಂದು ಬಿಟ್ಟು ಅದನ್ನು ಫಿಲ್ಲರ್ ಕಡ್ಡಿಯಿಂದ ತುಂಬಿದರೆ ಅಲ್ಲಿ ಹೆಚ್ಚು ಶಾಖ, ಹೆಚ್ಚು ಸೆಳೆತ, ಕೊನೆಗೆ ಬಿರುಕು.

ಬೆಸುಗೆ ಹಿರಿಯರದ್ದು. ನಾನು ಪಕ್ಕದಲ್ಲಿ ನಿಂತು ಕೊಳವೆಗಳನ್ನು ಅಸಿಟೋನಿನಿಂದ ಒರೆಸಿ ಕೊಡುತ್ತಿದ್ದೆ. ಮೊದಲು ಎಲ್ಲ ಕೀಲುಗಳಿಗೂ ಚುಕ್ಕಿ ಬೆಸುಗೆ, ಅಳತೆ, ಆಮೇಲೆ ಎಡಕ್ಕೊಂದು ಸಣ್ಣ ಬೆಸುಗೆ, ಬಲಕ್ಕೊಂದು, ಮೇಲೊಂದು, ಕರ್ಣದ ತುದಿಗೊಂದು. ಒಂದೇ ಕಡೆ ಸತತವಾಗಿ ಬೆಸೆದರೆ ಲೋಹ ತಣಿಯುವಾಗ ಕುಗ್ಗಿ ಇಡೀ ಫ್ರೇಮನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿಸಿದರು, ಫ್ಯಾನ್ ಆರಿಸಿದರು. ಗಾಳಿ ಬೀಸಿದರೆ ಆರ್ಗಾನ್ ಹೊದಿಕೆ ಚದುರುತ್ತದೆ, ಮೇಲಾಗಿ ಕ್ರೋಮೋಲಿ ಬೇಗ ತಣಿದರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗುತ್ತದೆ. ನೀರಿನಲ್ಲಿ ಅದ್ದುವುದಂತೂ ಮಹಾಪಾಪ. ಹೊರಗೆ ಮೊಹಾವಿಯ ಬೇಸಿಗೆ, ಒಳಗೆ ಬಾಗಿಲು ಮುಚ್ಚಿದ ತಗಡಿನ ಶೆಡ್ಡು. ಆ ಮನುಷ್ಯ ಒಂದು ಕೀಲನ್ನು ಮುಗಿಸಿದ ಮೇಲೆ ಟಾರ್ಚನ್ನು ತಕ್ಷಣ ಎತ್ತದೆ ಅನಿಲ ಇನ್ನೂ ಹರಿಯುತ್ತಿರುವಾಗಲೇ ಕೈಯನ್ನು ಸ್ಥಿರವಾಗಿ ಹಿಡಿದು ನಿಲ್ಲುತ್ತಿದ್ದರು, ತುದಿಯ ಲೋಹ ಗಾಳಿಗೆ ಸಿಕ್ಕು ಕೆಡದಿರಲೆಂದು. ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಕೀಲುಗಳನ್ನು ಗಟ್ಟಿಗೊಳಿಸಲು ಬೆಸೆಯುವ ಬಲಪಟ್ಟಿಗಳ ವಿಷಯದಲ್ಲಿ ಅವರದು ಖಡಾಖಂಡಿತ ಮಾತು. "ಪಟ್ಟಿ ಹಾಕುವುದು ಸುಲಭ. ಅದು ಎಲ್ಲಿ ಮುಗಿಯುತ್ತದೆ ಎಂದು ಯೋಚಿಸುವುದು ಕಷ್ಟ. ಮೊಂಡಾಗಿ ಮುಗಿಸಿದೆಯೋ, ಬಿರುಕನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದ್ದೀಯೆ ಅಷ್ಟೇ." ನನ್ನ ಹಳೆಯ ಫ್ರೇಮಿನ ತೇಪೆಯ ಅಂಚಿನಲ್ಲಿ ಕಂಡದ್ದು ಅದನ್ನೇ. ಹೊಸದರಲ್ಲಿ ಪಟ್ಟಿಗಳ ತುದಿಗಳನ್ನು ಸಪೂರವಾಗಿ ಎಳೆದೆವು, ನಡುವೆ ತೂತು ಕೊರೆದು ಹಗುರಗೊಳಿಸಿದೆವು. ಬೆಸುಗೆಯನ್ನು ಪಟ್ಟಿಯ ತುದಿಯಲ್ಲಿ ಕೊಳವೆಗೆ ಅಡ್ಡಲಾಗಿ ಎಲ್ಲೂ ಎಳೆಯಲಿಲ್ಲ. ಸೀಟು ಕೂರುವ ಹಿಂಭಾಗವನ್ನು ಬೋಲ್ಟಿನಿಂದ ಬಿಚ್ಚುವಂತೆ ಮಾಡಿದೆವು. ಮಗುಚಿ ಬಿದ್ದಾಗ ಮೊದಲು ಬಾಗುವ ಭಾಗ ಅದು, ಅದಕ್ಕಾಗಿ ಇಡೀ ಫ್ರೇಮನ್ನು ಕಳೆದುಕೊಳ್ಳಬಾರದು.

ಜಿಗ್ ಬಿಡಿಸಿದಾಗ ನಾಲ್ಕು ಸರಳುಗಳೂ ಕೈಯಲ್ಲೇ ಹೊರಬಂದವು. ಅವರು ಏನೂ ಹೇಳದೆ ಶೆಡ್ಡಿನ ಬಾಗಿಲು ತೆರೆದರು, ಇಬ್ಬರೂ ಹೊರಗೆ ಬಂದು ಒಂದಷ್ಟು ತಣ್ಣೀರು ಕುಡಿದೆವು.

ತೋಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಫ್ರೇಮು ಸರಿಯಾದ ಮೇಲೆ ಅವು ಅದನ್ನೇ ಅನುಸರಿಸುತ್ತವೆ. ಮೇಲಿನ ತೋಳು ಕೆಳಗಿನದಕ್ಕಿಂತ ಸ್ವಲ್ಪ ಗಿಡ್ಡ, ಅದರಿಂದ ಚಕ್ರ ಮೇಲೇರಿದಾಗ ತಲೆ ಒಳಕ್ಕೆ ವಾಲುತ್ತದೆ, ತಿರುವಿನಲ್ಲಿ ಹೊರಚಕ್ರದ ಟೈರು ನೆಲವನ್ನು ಚಪ್ಪಟೆಯಾಗಿ ಕಚ್ಚುತ್ತದೆ. ಮೇಲಿನ ಬಾಲ್ ಜಾಯಿಂಟ್ ತಿರುಪಿನಲ್ಲಿ ಹೊಂದಿಸುವಂಥದ್ದು. ಗಾಡಿ ನಿಂತಾಗ ಎರಡು ಡಿಗ್ರಿ ಒಳವಾಟ, ಕ್ಯಾಸ್ಟರ್ (ಹ್ಯಾಂಡಲ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಏಳು ಡಿಗ್ರಿ, ಮುಂದಿನ ಅಂಚುಗಳು ಹಿಂದಿನವಕ್ಕಿಂತ ಸುಮಾರು ಐದು ಮಿಲಿಮೀಟರ್ ಒಳಕ್ಕೆ. ಟೈರಿನಿಂದ ಟೈರಿಗೆ ಹೊರ ಅಗಲ 50 ಇಂಚು, ರೇಸ್ ಕ್ವಾಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ. ತೋಳಿನ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುವ ಕಂಚಿನ ಬುಷ್ ಹಾಕಿದೆ. ಗುಂಡಿನ ಮೇಲೆ ತಿರುಗುವ ತೆರೆದ ಹೈಮ್ ಜಾಯಿಂಟುಗಳು ಟಾರು ರಸ್ತೆಗೆ ಚೆನ್ನ. ಮೊಹಾವಿಯ ಸಣ್ಣ ಧೂಳು ಒಳಹೊಕ್ಕರೆ ಅವು ಬೇಗ ಸಡಿಲವಾಗುತ್ತವೆ, ಸಡಿಲವಾದ ಕೀಲು ಇಷ್ಟು ಕಷ್ಟಪಟ್ಟು ಕೂರಿಸಿದ ಜ್ಯಾಮಿತಿಯನ್ನೆಲ್ಲ ಹಾಳುಮಾಡುತ್ತದೆ.

ಶಾಕಿನ ಲೆಕ್ಕ ಮಾತ್ರ ವಿವರವಾಗಿ ಹೇಳಲೇಬೇಕು, ಬಹಳ ಜನ ಎಡವುವುದು ಇಲ್ಲಿಯೇ. ಚಕ್ರ ಎಷ್ಟು ಚಲಿಸಿದರೆ ಶಾಕು ಎಷ್ಟು ಚಲಿಸುತ್ತದೆ ಎಂಬ ಅನುಪಾತದ ವರ್ಗಕ್ಕೆ ತಕ್ಕಷ್ಟು ಸ್ಪ್ರಿಂಗಿನ ಗಡಸುತನ ಚಕ್ರಕ್ಕೆ ತಲುಪುತ್ತದೆ. ಉದಾಹರಣೆಗೆ ಮೊದಲು ಅನುಪಾತ 0.60 ಇತ್ತು ಎನ್ನಿ. ಉದ್ದದ ತೋಳು ಹಾಕಿ ಶಾಕಿನ ಬುಡವನ್ನು ಇದ್ದಲ್ಲೇ ಬಿಟ್ಟಿರಿ, ಅನುಪಾತ 0.52ಕ್ಕೆ ಇಳಿಯಿತು. ಇಳಿದದ್ದು ಸ್ವಲ್ಪವೇ ಎನಿಸುತ್ತದೆ. ಆದರೆ ವರ್ಗ ಮಾಡಿ ಭಾಗಿಸಿದರೆ ಚಕ್ರದ ಬಳಿ ಮುಂಭಾಗ ಕಾಲುಭಾಗದಷ್ಟು ಮೆದುವಾಗಿದೆ. ಸ್ಪ್ರಿಂಗನ್ನು ಬಿಗಿಮಾಡಿ ಇದನ್ನು ಮುಚ್ಚಲು ಹೋದರೆ ಗಾಡಿ ಎತ್ತರವಾಗುತ್ತದೆಯೇ ಹೊರತು ಗಡಸಾಗುವುದಿಲ್ಲ. ನಾವು ಫ್ರೇಮನ್ನೇ ಹೊಸದಾಗಿ ಕಟ್ಟಿದ್ದರಿಂದ ಶಾಕಿನ ಮೇಲಿನ ಆಧಾರವನ್ನು ಎತ್ತರಿಸಿ ಒಳಕ್ಕೆ ತಂದು, ಬುಡವನ್ನು ಚಕ್ರದ ಕಡೆಗೆ ಸರಿಸಿ, ಉದ್ದನೆಯ ಶಾಕಿಗೆ ಜಾಗ ಮಾಡಿಕೊಂಡೆವು. ಚಕ್ರದ ಚಲನೆ ಸುಮಾರು 300 ಮಿಲಿಮೀಟರ್ ಸಿಕ್ಕಿತು.

ಒಂದರ ಮೇಲೊಂದು ಎರಡು ಸ್ಪ್ರಿಂಗ್ ಇರುವ ಶಾಕುಗಳನ್ನು ಆರಿಸಿದೆ. ಇಂಚಿಗೆ 50 ಪೌಂಡಿನ ಮತ್ತು 100 ಪೌಂಡಿನ ಸ್ಪ್ರಿಂಗುಗಳು ಒಟ್ಟಿಗೆ ಕುಗ್ಗುವಾಗ ಸಿಗುವುದು 33 ಪೌಂಡಿನಷ್ಟು ಮೆದುತನ. ಸಣ್ಣ ಕಲ್ಲುಗಳಿಗೆ ಅದು ಸಾಕು. ಒಂದು ಹಂತದ ನಂತರ ನಡುವಿನ ಉಂಗುರ ತಡೆಗೆ ತಾಗಿ ಮೇಲಿನ ಮೆದು ಸ್ಪ್ರಿಂಗ್ ಕೆಲಸ ನಿಲ್ಲಿಸುತ್ತದೆ, ಆಮೇಲೆ 100 ಪೌಂಡಿನದು ಮಾತ್ರ ಭಾರ ಹೊರುತ್ತದೆ. ಪಕ್ಕದ ಡಬ್ಬಿಯಲ್ಲಿ ನೈಟ್ರೋಜನ್ ಒತ್ತಡ ಇರುತ್ತದೆ. ಪಿಸ್ಟನ್ ವೇಗವಾಗಿ ಚಲಿಸಿದಾಗ ಅದರ ಹಿಂದೆ ಎಣ್ಣೆಯಲ್ಲಿ ಗುಳ್ಳೆಗಳೇಳದಂತೆ ತಡೆಯುವುದು ಆ ಒತ್ತಡವೇ. ಗುಳ್ಳೆಯೆದ್ದರೆ ಶಾಕು ಪಂಪಿನಂತೆ ಸಡಿಲವಾಗಿ ಅಲ್ಲಾಡುತ್ತದೆ.

ಹೊಸ ಫ್ರೇಮಿಗೆ ಸಂಖ್ಯೆ ಪಡೆಯಲು ಮೋಟಾರು ವಾಹನ ಇಲಾಖೆಗೆ ಗಾಡಿಯನ್ನು ಒಯ್ದು ಪರಿಶೀಲನೆ ಮಾಡಿಸಿದೆ. ಹಳೆಯ ಫ್ರೇಮಿನ ಕಾಗದ, ಕೊಳವೆ ಕೊಂಡ ರಸೀದಿ ಎಲ್ಲವನ್ನೂ ಜೋಡಿಸಿಟ್ಟುಕೊಂಡರೆ ಈ ಕೆಲಸ ಸಲೀಸು. ಸರ್ಕಾರಿ ಜಮೀನಿನಲ್ಲಿ ಓಡಿಸಲು ಸೈಲೆನ್ಸರಿಗೆ ಕಿಡಿ ತಡೆಯುವ ಜಾಲರಿಯೂ ಇರಲೇಬೇಕು.

ಪರೀಕ್ಷೆಗೆ ಬಾರ್‌ಸ್ಟೋ ಪಟ್ಟಣದ ದಕ್ಷಿಣಕ್ಕಿರುವ ಸ್ಟಾಡರ್ಡ್ ಕಣಿವೆಗೆ ಹೋದೆವು. ಇದೇ ಬಾರ್‌ಸ್ಟೋದಿಂದ ಲಾಸ್ ವೇಗಸ್‌ವರೆಗೆ 1967ರಲ್ಲಿ ಶುರುವಾದ ಪ್ರಸಿದ್ಧ ಮರುಭೂಮಿ ರೇಸು ನಡುವೆ ನಿಂತು, ಮತ್ತೆ 1983ರಿಂದ 1989ರವರೆಗೆ ನಡೆದು ಮುಗಿಯಿತು. ಅಳಿವಿನಂಚಿನತ್ತ ಸಾಗುತ್ತಿದ್ದ ಮರುಭೂಮಿ ಆಮೆಯ ರಕ್ಷಣೆ ಅದಕ್ಕೆ ದೊಡ್ಡ ಕಾರಣ. 1990ರಲ್ಲಿ ಆ ಆಮೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಗುರುತು ಮಾಡಿದ ದಾರಿಗಳನ್ನು ಬಿಟ್ಟು ನಾವು ಎಲ್ಲಿಯೂ ಇಳಿಯುವುದಿಲ್ಲ. ಗಾಡಿ ನಿಲ್ಲಿಸಿದ್ದರೆ ಹೊರಡುವ ಮುನ್ನ ಬಗ್ಗಿ ಕೆಳಗೆ ನೋಡುತ್ತೇವೆ, ನೆರಳು ಹುಡುಕಿಕೊಂಡು ಆಮೆ ಬಂದು ಮಲಗಿರಬಹುದು. ಈ ಹವ್ಯಾಸಕ್ಕೆ ಜಾಗ ಉಳಿಯಬೇಕೆಂದರೆ ಈ ಎಚ್ಚರ ಇರಲೇಬೇಕು.

ಮೊದಲು ನಿಧಾನವಾಗಿ ಓಡಿಸಿ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿದೆವು. ನಾನು ಸೀಟಿನ ಮೇಲೆ ಕೂತಾಗ ಮುಂಭಾಗ ಒಟ್ಟು ಚಲನೆಯ ಮೂರನೇ ಒಂದು ಭಾಗದಷ್ಟು ಕುಗ್ಗಬೇಕು. ಭಾವ ಟೇಪು ಹಿಡಿದು 100 ಮಿಲಿಮೀಟರ್ ಎಂದರು. ಅಷ್ಟೇ ಬೇಕಿತ್ತು, ಯಾಕೆಂದರೆ ಚಕ್ರ ಹಳ್ಳಕ್ಕೂ ಇಳಿಯಬೇಕಲ್ಲ.

ವೂಪ್ಸ್ ಮೇಲೆ ಮೊದಲ ಸುತ್ತಿನಲ್ಲೇ ಹ್ಯಾಂಡಲ್ ಶಾಂತವಾಗಿತ್ತು. ಎಡಚಕ್ರ ಎದ್ದು ಬಲಚಕ್ರ ಇಳಿದಾಗಲೂ ಮುಂಗೈಗೆ ಎಳೆತವಿಲ್ಲ. ನಾನು ಹಿಡಿತ ಸಡಿಲಿಸಿ ಬೆರಳುಗಳಲ್ಲಿ ಮಾತ್ರ ಹಿಡಿದು ನೋಡಿದೆ, ಗಾಡಿ ತನ್ನ ಗೆರೆ ಬಿಡಲಿಲ್ಲ. ಆ ಕ್ಷಣದ ಸಂತೋಷವನ್ನು ಮುಚ್ಚಿಡುವುದಿಲ್ಲ, ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಕೂಗಿದೆ.

ಆದರೆ ಗುಡ್ಡೆಗಳ ಸಾಲು ಉದ್ದವಾದಂತೆ ಮುಂಭಾಗ ಮೆಲ್ಲಮೆಲ್ಲನೆ ತಗ್ಗುತ್ತಾ ಗಡಸಾಗುತ್ತಾ ಹೋಯಿತು. ಒಂದು ಗುಡ್ಡೆಗೆ ಕುಗ್ಗಿದ ಶಾಕು ಮುಂದಿನ ಗುಡ್ಡೆ ಬರುವ ಮೊದಲು ಪೂರ್ತಿ ಹಿಗ್ಗುತ್ತಿರಲಿಲ್ಲ. ಪ್ರತಿ ಗುಡ್ಡೆಗೂ ಸ್ವಲ್ಪ ಸ್ವಲ್ಪ ಚಲನೆ ಕಳೆದು ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ಮೆದು ಸ್ಪ್ರಿಂಗ್ ಹಾಕಿದ್ದೇವೆ ಎಂದು ಭಾವಿಸಿ ಇನ್ನೂ ಗಡಸು ಸ್ಪ್ರಿಂಗಿಗೆ ಓಡುವವರಿದ್ದಾರೆ. ಬೇಕಾದದ್ದು ರಿಬೌಂಡ್ ತಡೆಯನ್ನು, ಅಂದರೆ ಶಾಕು ಮರಳಿ ಹಿಗ್ಗುವಾಗಿನ ತಡೆಯನ್ನು, ಕಡಿಮೆ ಮಾಡುವುದು. ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಅದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡಿಸಿದೆ. ಅತಿಯಾಗಿ ಬಿಚ್ಚಿದರೆ ಮುಂಭಾಗ ಪುಟಿದು ಸವಾರನನ್ನು ಹಿಂದಕ್ಕೆ ಒದೆಯುತ್ತದೆ. ಅದರ ಸ್ವಲ್ಪ ಮೊದಲು ನಿಲ್ಲಿಸಿದೆ. ಶಾಕಿನ ಮೈ ಕೈಯಿಟ್ಟರೆ ಸುಡುತ್ತಿತ್ತು. ಬಿಸಿಯಾದ ಎಣ್ಣೆ ತೆಳುವಾಗಿ ತಡೆ ಇನ್ನೂ ಕಡಿಮೆಯಾಗುವುದರಿಂದ ಹೊಂದಾಣಿಕೆಯನ್ನು ಯಾವಾಗಲೂ ಬಿಸಿಯಾದ ಮೇಲೆಯೇ ಮಾಡಬೇಕು. ಬೆಳಗಿನ ತಂಪಿನಲ್ಲಿ ಗಾಡಿ ಸ್ವಲ್ಪ ಸೋಮಾರಿಯಾಗಿ ಕಂಡರೆ ಕಾಣಲಿ.

ಮನೆಗೆ ತಂದು ತೊಳೆದು ಮತ್ತೆ ಕೆಂಪು ಡೈ ಹಚ್ಚಿ ನೋಡಿದೆ. ಕೆಳತೋಳಿನ ಲಗ್ಗುಗಳು, ಶಾಕಿನ ಮೇಲಿನ ಆಧಾರ, ಸ್ಟಿಯರಿಂಗ್ ಬುಡ ಎಲ್ಲಿಯೂ ಗೆರೆಯಿಲ್ಲ. ತಿಳಿಬೂದು ಬಣ್ಣ ಹೊಡೆದದ್ದು ಆಮೇಲೆ. ಈಗಲೂ ಮರುಭೂಮಿಗೆ ಹೋಗಿ ಬಂದಾಗಲೆಲ್ಲ ಟಾರ್ಚು ಹಿಡಿದು ಆ ಜಾಗಗಳನ್ನೇ ಮೊದಲು ನೋಡುತ್ತೇನೆ. ಹಳೆಯ ಫ್ರೇಮನ್ನು ಎಸೆದಿಲ್ಲ. ಅದರ ಬಿರುಕುಗಳನ್ನು ಕೊರೆದು ಬೆಸೆಸಿ, ಹೋಂಡಾದ ಮೂಲ ಅಳತೆಯ ತೋಳುಗಳನ್ನು ಹುಡುಕಿ ಜೋಡಿಸಿದರೆ ಗಾಡಿಯನ್ನು ಕಾರ್ಖಾನೆಯ ಸ್ಥಿತಿಗೆ ತರಲು ಬಯಸುವ ಯಾರಿಗಾದರೂ ಉಪಯೋಗವಾದೀತು. ಜಿಗ್ಗನ್ನು ಹಿರಿಯರ ಶೆಡ್ಡಿನಲ್ಲೇ ಬಿಟ್ಟಿದ್ದೇನೆ. ಅವರ ಪರಿಚಯದವರೊಬ್ಬರು ತಮ್ಮ 1987ರ ಗಾಡಿಯನ್ನು ತರಲಿದ್ದಾರಂತೆ. ಆ ಫ್ರೇಮಿಗೆ ಕೊಳವೆ ಕೊರೆಯುವ ಕೆಲಸ ನನ್ನದು, ಮೇಲಿನ ತೋಳಿನ ಲಗ್ಗುಗಳನ್ನು ಇನ್ನೂ ಮೂರು ಮಿಲಿಮೀಟರ್ ತಗ್ಗಿಸಿ ನೋಡೋಣ ಎಂದು ಆಗಲೇ ಮಾತಾಗಿದೆ.